ಶಿಬಿರ ಮುಗಿದ ಮಾರನೆಯ ದಿನ



ಪ್ರತಿ ತಿಂಗಳೂ ಈ ಪುಟದಲ್ಲಿ ಬೆಲೆಯ ಮಾತಾಡುತ್ತೇವೆ, ಸಾಲದ ಮಾತಾಡುತ್ತೇವೆ. ಈ ತಿಂಗಳು ಕುಡಿತದ ಮಾತಾಡಬೇಕಾಗಿದೆ. ‘ಇದೇನಪ್ಪ, ರೈತರ ಪತ್ರಿಕೆಯವರೂ ಹರಿಕಥೆ ಶುರು ಮಾಡಿದರು’ ಅಂತ ಕೆಲವರು ನಗಬಹುದು. ನಗಲಿ. ನಾನು ಕೂತಿರುವುದು ಲೆಕ್ಕ ಕೇಳುವುದಕ್ಕೆ.

ಮೊದಲೇ ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ರೈತ ಸತ್ತ ಮನೆಯ ಮುಂದೆ ನಿಂತು ‘ಕುಡೀತಿದ್ದನಾ?’ ಎಂದು ಕೇಳಿ ಬರೆದುಕೊಂಡು ಹೋಗುವ ಅಧಿಕಾರಿಗಳನ್ನು ನಾವೆಲ್ಲ ನೋಡಿದ್ದೇವೆ. ಬೆಳೆಗೆ ಬೆಲೆ ಕೊಡದವರು ಸಾಲಕ್ಕೆ ಬಾಟಲಿಯನ್ನು ಹೊಣೆ ಮಾಡುವುದನ್ನು ನಾವು ಎಂದೂ ಒಪ್ಪಿಲ್ಲ, ಮುಂದೆಯೂ ಒಪ್ಪುವುದಿಲ್ಲ. ಆದರೆ ಆ ಸುಳ್ಳನ್ನು ವಿರೋಧಿಸುವ ಭರದಲ್ಲಿ ನಮ್ಮ ಮನೆಯೊಳಗಿನ ನಿಜಕ್ಕೂ ನಾವು ಬಾಯಿ ಮುಚ್ಚಿಕೊಂಡು ಕೂತೆವು. ಬೆಲೆ ಸಿಗದೆ ಸಾಲ, ಸಾಲದ ಚಿಂತೆಗೆ ಕುಡಿತ, ಕುಡಿತಕ್ಕೆ ಮತ್ತೆ ಕೈಸಾಲ. ಈ ಗಾಣದಲ್ಲಿ ಕಬ್ಬಿನ ಹಾಗೆ ಅರೆಯುವುದು ಹೆಂಡತಿ ಮಕ್ಕಳು.

ಮೂರು ವರ್ಷದ ಹಿಂದೆ ನಮ್ಮೂರಿನಲ್ಲಿ ನಾವೇ ಸೇರಿ ಒಂದು ಮದ್ಯವರ್ಜನ ಶಿಬಿರ ಮಾಡಿದೆವು. ಹೊರಗಿನ ಯಾವ ಸಂಸ್ಥೆಯೂ ಇರಲಿಲ್ಲ. ಊರಿನ ಸಂಘ, ಯುವಕರು, ಹೆಣ್ಣುಮಕ್ಕಳ ಗುಂಪು, ಜೊತೆಗೆ ನಾನು. ಮನೆಗೊಂದಿಷ್ಟು ದುಡ್ಡು ಎತ್ತಿದೆವು. ಆಲೆಮನೆಯಿಂದ ಬೆಲ್ಲ ಬಂತು, ಮನೆಮನೆಯಿಂದ ರಾಗಿ ಬಂತು. ಶಾಲೆ ಮೈದಾನದಲ್ಲಿ ಶಾಮಿಯಾನ ಹಾಕಿ ಎಂಟು ದಿನ ಭಜನೆ, ಭಾಷಣ, ಊಟ. ಕೊನೆಯ ದಿನ 38 ಜನ ದೀಪ ಮುಟ್ಟಿ ಆಣೆ ಮಾಡಿದರು, ಹಾರ ಹಾಕಿಸಿಕೊಂಡರು. ಪೇಪರಿನಲ್ಲಿ ಫೋಟೋ ಬಂತು. ನಾನೂ ಅದರಲ್ಲಿ ನಿಂತಿದ್ದೆ, ಎದೆ ಉಬ್ಬಿಸಿಕೊಂಡು.

ಆ ಫೋಟೋದಲ್ಲಿ ಕಾಣದ ಎರಡು ತಪ್ಪುಗಳನ್ನು ಇವತ್ತು ಒಪ್ಪಿಕೊಳ್ಳುತ್ತೇನೆ.

ಒಂದನೆಯದು ಮೂರನೆಯ ದಿನದ ರಾತ್ರಿಯದು. ಇಪ್ಪತ್ತು ವರ್ಷ ದಿನಾ ಕುಡಿದಿದ್ದ ಒಬ್ಬ ತಮ್ಮನಿಗೆ ಮೈ ನಡುಕ ಬಂತು. ಬೆವರು ಕಿತ್ತುಕೊಂಡು ಬಂತು. ‘ಇರುವೆ ಹರೀತಾವೆ, ಒರಸ್ರೋ’ ಅಂತ ಮೈ ಕೆರೆದುಕೊಂಡ. ಇಲ್ಲದ ಎತ್ತುಗಳನ್ನು ಹೆಸರು ಹಿಡಿದು ಕರೆದ. ನಾವು ಮಾಡಿದ್ದೇನು? ಗಾಳಿ ಮೆಟ್ಟಿಕೊಂಡಿದೆ ಅಂತ ನಿಂಬೆಹಣ್ಣು ಮಂತ್ರಿಸಿ ತರಲು ಆಳು ಕಳಿಸಿದೆವು. ನಮ್ಮೂರ ಆಶಾ ಕಾರ್ಯಕರ್ತೆ ಬಂದು ಎಲ್ಲರನ್ನೂ ಬೈದು, ಟೆಂಪೋ ಹತ್ತಿಸಿ ಆಸ್ಪತ್ರೆಗೆ ಸಾಗಿಸಿದಳು. ‘ಇನ್ನೊಂದು ರಾತ್ರಿ ಬಿಟ್ಟಿದ್ದರೆ ಹೆಣ ತರ್ತಿದ್ರಿ’ ಅಂದರು ಅಲ್ಲಿನ ಡಾಕ್ಟರು.

ಇದನ್ನು ಪ್ರತಿಯೊಬ್ಬ ರೈತನೂ ತಿಳಿದುಕೊಳ್ಳಬೇಕು. ವರ್ಷಗಟ್ಟಲೆ ದಿನವೂ ಜಾಸ್ತಿ ಕುಡಿದವನು ಒಂದೇ ಏಟಿಗೆ ನಿಲ್ಲಿಸಿದರೆ ಕೆಲವು ಗಂಟೆಗಳಲ್ಲೇ ನಡುಕ ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಬುದ್ಧಿಭ್ರಮೆಯಾಗಿ ಜೀವಕ್ಕೇ ಸಂಚಕಾರ ಬರಬಹುದು. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಯಾರಿಗೆ ಆಗುತ್ತದೆ ಎಂದು ಮೊದಲೇ ಪರೀಕ್ಷೆ ಮಾಡಿ ನೋಡುವವನು ಡಾಕ್ಟರು. ನಡುಕ ತಡೆಯುವ ಔಷಧಿಯನ್ನು ದಿನದಿಂದ ದಿನಕ್ಕೆ ಇಳಿಸುತ್ತಾ ಕೊಡುತ್ತಾರೆ, ಬಿ-1 ಜೀವಸತ್ವ ಕೊಡುತ್ತಾರೆ. ಇದು ದೆವ್ವವೂ ಅಲ್ಲ, ಮನಸ್ಸಿನ ದುರ್ಬಲತೆಯೂ ಅಲ್ಲ. ಡಾಕ್ಟರಿಲ್ಲದ ಶಿಬಿರ ಪುಣ್ಯದ ಕೆಲಸ ಅಲ್ಲ, ಅಪಾಯದ ಕೆಲಸ.

ಎರಡನೆಯ ತಪ್ಪು ಆರು ತಿಂಗಳ ಮೇಲೆ ಗೊತ್ತಾಯಿತು. 38 ಜನರಲ್ಲಿ ಎಷ್ಟು ಜನ ಉಳಿದಿದ್ದಾರೆ ನೋಡೋಣ ಅಂತ ಶಿಬಿರದ ಪುಸ್ತಕ ತರಿಸಿದೆ. ಶಾಮಿಯಾನದ ಬಾಡಿಗೆ ಬರೆದಿತ್ತು. ಅಕ್ಕಿ, ಬೇಳೆ ಬರೆದಿತ್ತು. ಪಾತ್ರೆ ಎಷ್ಟು ಹೋಯಿತು, ಎಷ್ಟು ವಾಪಸ್ ಬಂತು ಅನ್ನುವ ಲೆಕ್ಕವೂ ಇತ್ತು. ಮನುಷ್ಯರು ಎಷ್ಟು ಜನ ವಾಪಸ್ ಹೋದರು ಅನ್ನುವ ಲೆಕ್ಕ ಇರಲಿಲ್ಲ.

ಮತ್ತೆ ಅಂಗಡಿ ಹಿಡಿದಿದ್ದ ಒಬ್ಬನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದೆ. ಅವನು ತಲೆ ಎತ್ತದೆ ಅಂದ: ‘ಶಿಬಿರದಾಗೆ ಎಂಟು ದಿನ ಎಲ್ರೂ ಬಾ, ಕೂತ್ಕೋ ಅಂದ್ರು ಅಣ್ಣ. ಒಂಬತ್ತನೇ ದಿನದಿಂದ ಒಬ್ರೂ ಬಾಗ್ಲಿಗೆ ಬರ್ಲಿಲ್ಲ. ಸಾಲ ಕೊಟ್ಟೋನು ಮಾತ್ರ ಬಂದ.’

ಆ ಮಾತು ನನಗೆ ಚಾಟಿ ಏಟಿನ ಹಾಗೆ ಬಿತ್ತು. ಬಿತ್ತನೆ ಮಾಡಿ, ಕಳೆ ಕೀಳದೆ, ನೀರು ಹಾಯಿಸದೆ, ನೇರವಾಗಿ ಕುಡುಗೋಲು ಹಿಡಿದು ಕೊಯ್ಲಿಗೆ ಹೋಗುವವನನ್ನು ಏನೆನ್ನುತ್ತೀರಿ? ಹುಚ್ಚ ಎನ್ನುತ್ತೀರಿ. ಊರೂರಿನಲ್ಲಿ ಮದ್ಯ ಬಿಡಿಸುವ ಸಂಘಗಳು, ನಾವೂ ಸೇರಿದಂತೆ, ಮಾಡುತ್ತಿರುವುದು ಹೆಚ್ಚುಕಮ್ಮಿ ಅದನ್ನೇ. ಒಳ್ಳೆಯ ಮನಸ್ಸಿದೆ, ದುಡಿಯುವ ಹುಡುಗರಿದ್ದಾರೆ. ಯೋಜನೆ ಇಲ್ಲ, ತರಬೇತಿ ಇಲ್ಲ.

ಇದನ್ನು ಸರಿಯಾಗಿ ಮಾಡಿದವರು ಇಲ್ಲವೇ? ಇದ್ದಾರೆ. ಗಂಡನನ್ನು ಕುಡಿತಕ್ಕೆ ಕಳೆದುಕೊಂಡ ಶಾಂತಿ ರಂಗನಾಥನ್ ಎಂಬ ಹೆಣ್ಣುಮಗಳು ಮದ್ರಾಸಿನಲ್ಲಿ 1980ರಲ್ಲಿ ಒಂದು ಸಂಸ್ಥೆ ಕಟ್ಟಿದರು. ಆ ಸಂಸ್ಥೆಯ ಟಿ.ಟಿ.ಕೆ. ಆಸ್ಪತ್ರೆಯವರು 1989ರಲ್ಲಿ ಮಂಜಕ್ಕುಡಿ ಎಂಬ ಹಳ್ಳಿಗೆ ಹೋಗಿ 15 ದಿನಗಳ ಶಿಬಿರ ಹೂಡಿದರು. ಡಾಕ್ಟರು, ತಿಳಿಹೇಳುವವರು, ಮನೆಯವರಿಗೆ ಪಾಠ, ಶಿಬಿರದ ನಂತರ ಹಿಂದೆ ಬಿದ್ದು ವಿಚಾರಿಸುವುದು, ಎಲ್ಲವೂ ಮೊದಲೇ ಗೊತ್ತು ಮಾಡಿದ್ದು. ನಮ್ಮಲ್ಲೇ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಜೊತೆ ಕೆಲಸ ಮಾಡುವ ಜನಜಾಗೃತಿ ವೇದಿಕೆ ಶಿಬಿರ ಮುಗಿಸಿದವರನ್ನು ನವಜೀವನ ಸಮಿತಿ ಎಂದು ಕಟ್ಟಿ ಕೂಡಿಸುತ್ತದೆ. 1935ರಲ್ಲಿ ಅಮೆರಿಕದಲ್ಲಿ ಕುಡಿತಕ್ಕೆ ಸಿಕ್ಕಿ ಒದ್ದಾಡುತ್ತಿದ್ದ ಇಬ್ಬರು, ಒಬ್ಬ ಷೇರು ವ್ಯಾಪಾರದವನು, ಇನ್ನೊಬ್ಬ ಡಾಕ್ಟರು, ಒಬ್ಬರಿಗೊಬ್ಬರು ಆಸರೆಯಾಗಿ ನಿಂತರು. ಇವತ್ತು ಪ್ರಪಂಚದ ತುಂಬ ಇರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು ಹುಟ್ಟಿದ್ದು ಹಾಗೆ. ಬಿಟ್ಟವನಿಗೆ ಬಿಟ್ಟವನೇ ಬಲ, ಇಷ್ಟೇ ಅದರ ಗುಟ್ಟು.

ತರಬೇತಿ ಹಳ್ಳಿಯವರ ಕೈಗೆ ಎಟುಕುವುದಿಲ್ಲ ಅನ್ನುವವರಿಗೆ ಬಳ್ಳಾರಿ ನೆನಪಿರಲಿ. 1985ರಿಂದ ಬೆಂಗಳೂರಿನ ನಿಮ್ಹಾನ್ಸ್ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೆ, ಕೆಳಗಿನ ಕೆಲಸಗಾರರಿಗೆ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಅದೇ ಮಾದರಿ ಹಿಡಿದು. ದೊಡ್ಡ ಆಸ್ಪತ್ರೆಯ ವಿದ್ಯೆ ಹಳ್ಳಿಗೆ ಇಳಿಯುತ್ತದೆ, ಇಳಿಸುವವರು ಬೇಕು.

ಹಾಗಾದರೆ ನಮ್ಮ ಸಂಘಗಳು ಕಲಿಯಬೇಕಾದ್ದೇನು? ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲನೆಯದು, ರೋಗಿಯ ದಾರಿಯನ್ನು ತಾವೇ ನಡೆದು ನೋಡುವುದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2003ರಿಂದ ಇಂಥ ಸಂಸ್ಥೆಗಳಿಗೆ ಇದನ್ನು ಕಲಿಸುತ್ತಾ ಬಂದಿದ್ದಾರೆ. ಸಂಸ್ಥೆಯವನೇ ಒಬ್ಬ ಕುಡುಕನ ಹಾಗೆ, ಇನ್ನೊಬ್ಬ ಅವನ ಮನೆಯವನ ಹಾಗೆ ಬಾಗಿಲಿಂದ ಒಳಗೆ ಬರಬೇಕು. ಫೋನ್ ಮಾಡಿದರೆ ಎತ್ತುವವರು ಯಾರು? ‘ಮುಂದಿನ ವಾರ ಬಾ’ ಅನ್ನುತ್ತಾರಾ? ಎಷ್ಟು ಬಸ್ಸು ಬದಲಿಸಬೇಕು, ಎಷ್ಟು ದಿನದ ಕೂಲಿ ಹೋಗುತ್ತದೆ, ಹಸು ಕರೆಯುವವರು ಯಾರು? ಬಿಡಬೇಕು ಅನ್ನುವ ಮನಸ್ಸು ಮುಂಜಾನೆ ಹುಟ್ಟಿ ಸಂಜೆಗೆ ಸಾಯುತ್ತದೆ. ಬಂದವನನ್ನು ಅವತ್ತೇ ಕೂರಿಸಿಕೊಳ್ಳದಿದ್ದರೆ ಅವನು ನಾಳೆ ಬರುವುದಿಲ್ಲ.

ಎರಡನೆಯದು, ಚಿಕ್ಕದಾಗಿ ಮಾಡಿ ನೋಡುವುದು. ಹೊಸ ಬೀಜ ಬಂದರೆ ನಾವು ಇಡೀ ಹೊಲಕ್ಕೆ ಹಾಕುತ್ತೇವಾ? ಮೂಲೆಯಲ್ಲಿ ನಾಲ್ಕು ಸಾಲು ಹಾಕಿ, ಪಕ್ಕದ ಹಳೇ ಬೀಜದ ಜೊತೆ ಹೋಲಿಸಿ ನೋಡುತ್ತೇವೆ. ಇಲ್ಲೂ ಹಾಗೇ. ವಾರಕ್ಕೊಂದು ಸಲ ಮನೆಗೆ ಹೋಗಿ ವಿಚಾರಿಸಿದರೆ ಜನ ಉಳಿಯುತ್ತಾರಾ? ಒಂದು ಬೀದಿಯಲ್ಲಿ ಎರಡು ತಿಂಗಳು ಮಾಡಿ, ಎಣಿಸಿ. ಫಲ ಬಂದರೆ ಊರಿಗೆಲ್ಲ ಹಬ್ಬಿಸಿ. ಬರದಿದ್ದರೆ ಬಿಟ್ಟು ಬೇರೆ ಉಪಾಯ ಹುಡುಕಿ.

ಮೂರನೆಯದು, ಪುಸ್ತಕ. ತಿಂಗಳು, ಮೂರು ತಿಂಗಳು, ಆರು ತಿಂಗಳು, ವರ್ಷ, ಹೀಗೆ ನಾಲ್ಕು ಕಾಲಂ ಸಾಕು. ಆ ಪುಸ್ತಕ ಸಂತೆಯಲ್ಲಿ ಓದುವುದಕ್ಕಲ್ಲ, ಬೀಗ ಹಾಕಿ ಇಡುವುದಕ್ಕೆ. ಮತ್ತೆ ಕುಡಿದವನ ಹೆಸರಿಗೆ ಕೆಂಪು ಗೆರೆ ಎಳೆಯಬೇಡಿ. ಮಳೆಗೆ ಮಲಗಿದ ಭತ್ತವನ್ನು ಎತ್ತಿ ಕಟ್ಟುತ್ತೇವೆಯೇ ಹೊರತು ಕಿತ್ತೆಸೆಯುವುದಿಲ್ಲ. ಮಾರನೆಯ ದಿನವೇ ಅವನ ಬಾಗಿಲಿಗೆ ಹೋಗಬೇಕು.

ನಾಲ್ಕನೆಯದು, ಕಾಲ ನೋಡುವುದು. ಬಿತ್ತನೆ ಸಮಯದಲ್ಲಿ ಶಿಬಿರ ಇಟ್ಟರೆ ಯಾರು ಬರುತ್ತಾರೆ? ಕಬ್ಬಿನ ಬಾಕಿ ಕೈಗೆ ಬಂದ ವಾರ, ಊರ ಜಾತ್ರೆ, ಪಂಚಾಯಿತಿ ಚುನಾವಣೆ, ಇವು ಬಿಟ್ಟವನು ಜಾರುವ ದಿನಗಳು. ಇದು ಯಾವ ಪುಸ್ತಕದಲ್ಲೂ ಇಲ್ಲ, ನಮಗೆ ಗೊತ್ತು. ಆ ದಿನಗಳನ್ನು ಮೊದಲೇ ಗುರುತು ಹಾಕಿ, ಆಗ ಎರಡರಷ್ಟು ಓಡಾಡಬೇಕು.

ಐದನೆಯದು ಸಾಲ. ಬಿಟ್ಟು ಮನೆಗೆ ಹೋದವನ ಎದುರು ಮೊದಲು ನಿಲ್ಲುವವನು ಸಾಲಗಾರ. ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಒತ್ತೆ ಏನು ಅಂತ ಅವನ ಜೊತೆ ಕೂತು ಪಟ್ಟಿ ಮಾಡಿ, ಕೊಟ್ಟವರ ಹತ್ತಿರ ಗಡುವಿನ ಮಾತಾಡಿಸುವ ಒಬ್ಬ ಮನುಷ್ಯ ಪ್ರತಿ ಸಮಿತಿಯಲ್ಲೂ ಇರಬೇಕು. ಡಾಕ್ಟರಿಗೆ ಇದು ಬಾರದು. ನಮ್ಮ ಚಳವಳಿಯವರಿಗೆ ಬರುತ್ತದೆ.

ಇನ್ನೊಂದು ಎಚ್ಚರಿಕೆ. ಕುಡಿತ ಬಿಡಿಸುತ್ತೇವೆ ಎಂದು ಕೂಡಿ ಹಾಕುವ, ಕಟ್ಟಿ ಹೊಡೆಯುವ ಜಾಗಗಳೂ ಇವೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಕುಡಿತದ ರೋಗಕ್ಕೂ ಅನ್ವಯಿಸುತ್ತದೆ. ಸರಪಳಿ ಹಾಕುವುದನ್ನು ಅದು ನಿಷೇಧಿಸಿದೆ, ಇಂಥ ಸಂಸ್ಥೆಗಳು ನೋಂದಾಯಿಸಿಕೊಳ್ಳಬೇಕು ಎಂದಿದೆ. ಮನೆಯವರನ್ನು ಬಿಡುವ ಮುಂಚೆ ನೋಂದಣಿ ಪತ್ರ ಕೇಳಿ.

ಈಗ ಸರ್ಕಾರದ ಲೆಕ್ಕ. 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು ಒಬ್ಬನಿಗೆ. ನಮ್ಮ ಶಿಬಿರದಲ್ಲಿ ಇದ್ದವರೂ 38. ಅಷ್ಟೂ ಜನರನ್ನು ಸಾಲಾಗಿ ನಿಲ್ಲಿಸಿ, ಒಬ್ಬನ ಕೈ ಹಿಡಿದು, ಉಳಿದವರಿಗೆ ‘ಹೋಗ್ರಪ್ಪ’ ಅಂದ ಹಾಗೆ. ಇತ್ತ 2025-26ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಅಬಕಾರಿಯಿಂದ ಎತ್ತಲು ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. 2007ರ ಜುಲೈಯಲ್ಲಿ ಸಾರಾಯಿ ನಿಲ್ಲಿಸಿದರು, ಕುಡಿಯುವವರು ವಿಸ್ಕಿ ಪಾಕೀಟಿಗೆ ಹೋದರು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳಿಕೊಂಡು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಅಂಗಡಿ ಮುಚ್ಚಬೇಕೆಂಬ ಅವರ ಕೂಗು ನ್ಯಾಯವಾದದ್ದು. ಆದರೆ ಅಂಗಡಿ ಮುಚ್ಚಿದ ದಿನವೂ ಕೈ ನಡುಗುವವನಿಗೆ ಹಾಸಿಗೆ ಬೇಕು, ಔಷಧಿ ಬೇಕು.

ಆದ್ದರಿಂದ ನಮ್ಮ ಬೇಡಿಕೆ ಇದು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಮದ್ಯ ಬಿಡಿಸಲು ಹಾಸಿಗೆ ಮತ್ತು ತರಬೇತಾದ ಡಾಕ್ಟರು ಇರಬೇಕು. ಊರಿನ ಸಮಿತಿಗಳಿಗೆ ಅಲ್ಲೇ ಕನ್ನಡದಲ್ಲಿ ತರಬೇತಿ ಕೊಡಬೇಕು. ಅದರ ಖರ್ಚು ಅಬಕಾರಿ ದುಡ್ಡಿನಿಂದಲೇ ಬರಬೇಕು. ಇದನ್ನು ಭಿಕ್ಷೆ ಅನ್ನಬೇಡಿ. ನಮ್ಮ ಜೇಬಿನಿಂದ ಹೋದದ್ದನ್ನೇ ಕೇಳುತ್ತಿದ್ದೇವೆ.

ಸರ್ಕಾರ ಕೊಡುವ ತನಕ ಕೈಕಟ್ಟಿ ಕೂರಬೇಕಿಲ್ಲ. ಮುಂದಿನ ಸಂಘದ ಸಭೆಯಲ್ಲಿ ಇಬ್ಬರನ್ನು ಆರಿಸಿ, ಅದರಲ್ಲಿ ಒಬ್ಬರು ಹೆಣ್ಣುಮಗಳಿರಲಿ. ಅವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನು ಕಂಡು ಮಾತಾಡಲಿ. ಕುಡಿತ ಬಿಡಿಸಲು ಸಲಹೆ ಕೊಡುವ 14446 ಮತ್ತು ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್‌ನ 14416, ಈ ಎರಡು ಸರ್ಕಾರಿ ಫೋನ್ ಸಂಖ್ಯೆಗಳನ್ನು ಹಾಲಿನ ಡೇರಿ ಗೋಡೆ ಮೇಲೆ ಬರೆಸಿ. ಹಳೆಯ ಶಿಬಿರದವರ ಪಟ್ಟಿ ಹುಡುಕಿ, ಮನೆಮನೆಗೆ ಹೋಗಿ.

ನಾವು ಹೋದೆವು, ತಡವಾಗಿ. ಆವತ್ತು ಇರುವೆ ಹರೀತಾವೆ ಅಂದವನು ನಡುವೆ ಎರಡು ಸಲ ಜಾರಿದ, ಮತ್ತೆ ಎದ್ದ. ಸೋಮವಾರ ರಾತ್ರಿ ಆಲೆಮನೆ ಅಂಗಳದಲ್ಲಿ ಏಳೆಂಟು ಜನ ಕೂರುತ್ತಾರೆ. ಯಾರಾದರೂ ಬರದಿದ್ದರೆ ಟಾರ್ಚ್ ಹಿಡಿದು ಅವರ ಮನೆಗೆ ಹೋಗುವವನು ಅವನೇ. 38 ಜನರ ಲೆಕ್ಕ ಈಗಲೂ ಪೂರ್ತಿ ಸಿಕ್ಕಿಲ್ಲ. ಇಬ್ಬರು ತೀರಿಹೋದರು. ಆ ಇಬ್ಬರ ಮನೆಯವರಿಗೆ ಏನು ಉತ್ತರ ಹೇಳಬೇಕು ಅಂತ ನನಗೆ ಇನ್ನೂ ಗೊತ್ತಾಗಿಲ್ಲ. ನಿಮ್ಮೂರಿನಲ್ಲಿ ಅಂಥ ಪ್ರಶ್ನೆ ಏಳುವ ಮುಂಚೆ ಪುಸ್ತಕ ತೆರೆಯಿರಿ.