ಬೆಂಗಳೂರಿನ ಕಾರು, ಹಿರೇಗುಂಟನೂರಿನ ಕರೆಂಟು

ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರಗಳು. ಆದರೆ ಹಿರೇಗುಂಟನೂರಿನಂಥ ಹೋಬಳಿಗಳಲ್ಲಿ ಪಂಪ್‌ಸೆಟ್ ನಂಬಿದ ರೈತರ ಪ್ರಶ್ನೆ ಮಾತ್ರ ಹಳೇದೇ: ತ್ರೀಫೇಸ್ ಎಷ್ಟೊತ್ತಿಗೆ ಬರುತ್ತೆ?

ಕರ್ನಾಟಕದ ಕಷ್ಟ ಈಗ ಕರೆಂಟು ತಯಾರಿಸೋದಷ್ಟೇ ಅಲ್ಲ, ಕೂಡಿಡೋದು. ಪಕ್ಕದ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಸೂರ್ಯ ಮುಳುಗಿದರೆ ಸೊನ್ನೆ. ಗಾಳಿ ಜೋರಾಗೋದು ಮುಂಗಾರಿನಲ್ಲಿ. ಇದಕ್ಕೆ ಸರ್ಕಾರದ ಉತ್ತರ ಶರಾವತಿ ಕಣಿವೆಯ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್. ಅದಕ್ಕೆ ಕಾಡು ಕಡಿಯಬೇಕು ಅನ್ನೋದೇ ಜಗಳ.

ಇನ್ನೊಂದು ಉತ್ತರವೂ ಇದೆ. ನಿಂತಿರುವ ಎಲೆಕ್ಟ್ರಿಕ್ ಕಾರಿನಿಂದ ಗ್ರಿಡ್‌ಗೆ ಕರೆಂಟು ವಾಪಸ್ ಪಡೆಯೋದು. ಅಮೆರಿಕದ ವಿಲೆಟ್ ಕೆಂಪ್ಟನ್ ಮತ್ತು ಸ್ಟೀವನ್ ಲೆಟೆಂಡ್ರ್ 1997ರಲ್ಲೇ ಇದನ್ನು ಬರೆದಿದ್ದರು.

ಲೆಕ್ಕ ಹಾಕೋಣ. 2020ರ ನೆಕ್ಸಾನ್ ಇವಿಯ ಬ್ಯಾಟರಿ ಸುಮಾರು 30 ಯೂನಿಟ್. ಅರ್ಧ ಬಳಸಿದರೆ 3.3 ಕಿಲೋವ್ಯಾಟ್‌ನಂತೆ ನಾಲ್ಕೂವರೆ ತಾಸು. ಲಕ್ಷ ಕಾರು ಸೇರಿದರೆ 330 ಮೆಗಾವ್ಯಾಟ್. ಶರಾವತಿಯ 2,000ಕ್ಕೆ ಸಮ ಆಗಲು ಆರು ಲಕ್ಷ ಕಾರು ಒಂದೇ ಹೊತ್ತಿಗೆ ಪ್ಲಗ್‌ನಲ್ಲಿರಬೇಕು. ಹಾಗಾಗಿ ‘ಕಾರೇ ಸಾಕು, ಶರಾವತಿ ಬೇಡ’ ಅನ್ನೋ ವಾದ ಇವತ್ತಿಗೆ ನಿಲ್ಲಲ್ಲ. ಶರಾವತಿ ಉಳಿಸೋಕೆ ಬೇರೆ ವಾದಗಳೂ ಬೇಕು.

ಆದರೆ ಲೆಕ್ಕ ತಿರುಗಿಸಿ ನೋಡಿ. ಅದೇ ಲಕ್ಷ ಕಾರು ಸಂಜೆ ಏಳಕ್ಕೆ ಮನೆಗೆ ಬಂದು ಚಾರ್ಜ್‌ಗೆ ಕೂತರೆ ಗ್ರಿಡ್ ಮೇಲೆ 330 ಮೆಗಾವ್ಯಾಟ್ ಹೊಸ ಹೊರೆ. ಕೊರತೆ ಬಂದಾಗ ಮೊದಲು ಕತ್ತರಿ ಬೀಳೋದು ಯಾರ ಫೀಡರ್‌ಗೆ ಅಂತ ಹಳ್ಳಿಯವರನ್ನು ಕೇಳಿ. ಅದೇ ಕಾರುಗಳು ಮಧ್ಯಾಹ್ನ ಆಫೀಸ್ ಪಾರ್ಕಿಂಗ್‌ನಲ್ಲಿ ಸೋಲಾರ್ ಕರೆಂಟು ತುಂಬಿಕೊಂಡರೆ? ವಾಪಸ್ ಕೊಡೋದು ಆಮೇಲಿನ ಮಾತು, ಯಾವಾಗ ತಗೊಳ್ಳುತ್ತೆ ಅನ್ನೋದೇ ಮೊದಲ ಹೆಜ್ಜೆ. ಅದಕ್ಕೆ ಹೊಸ ತಂತ್ರಜ್ಞಾನ ಬೇಡ, ಹೊತ್ತಿಗೊಂದು ದರ ಮತ್ತು ಆಫೀಸ್‌ಗಳಲ್ಲಿ ಪ್ಲಗ್ ಸಾಕು.

ದೇಶದಲ್ಲೇ ಮೊದಲು, 2017ರಲ್ಲಿ, ಇವಿ ನೀತಿ ತಂದ ರಾಜ್ಯ ನಮ್ಮದು. ಮುಂದಿನ ನಿಯಮ ಬರೆಯುವಾಗ ಕೆಇಆರ್‌ಸಿ ಎರಡು ಮಾತು ಸೇರಿಸಲಿ. ಕರೆಂಟು ವಾಪಸ್ ಕೊಟ್ಟ ಕಾರಿನವರಿಗೆ ಬ್ಯಾಟರಿ ಸವೆತಕ್ಕೂ ಸೇರಿ ದುಡ್ಡು ಸಿಗಲಿ. ಹಾಗೆ ಉಳಿದ ಕರೆಂಟಿನಲ್ಲಿ ಹಳ್ಳಿ ಫೀಡರ್‌ಗಳಿಗೂ ಬರೆದಿಟ್ಟ ಪಾಲಿರಲಿ. ಇಲ್ಲದಿದ್ದರೆ ಗಾಳಿ ದುರ್ಗದ್ದು, ಲಾಭ ಬೆಂಗಳೂರಿನ ಬೇಸ್‌ಮೆಂಟಿನದ್ದು.