ನಿಂತ ಮೋಟಾರಿಗೆ ನಾಡಿ ಪರೀಕ್ಷೆ

ಓಡುವ ಗಾಡಿ ಸವೆಯುತ್ತದೆಂಬುದು ಎಲ್ಲರಿಗೂ ತಿಳಿದ ಮಾತು. ನಿಂತ ಗಾಡಿಯೂ ಕೆಡುತ್ತದೆಂಬುದು ಅನೇಕರಿಗೆ ತಿಳಿಯದು. ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 1958ರಿಂದ ತಯಾರಾದ ಅಂಬಾಸಿಡರ್ ಕಾರಿನ ನಿರ್ಮಾಣ 2014ರಲ್ಲಿ ನಿಂತುಹೋಯಿತು. ಆದರೂ ತಂದೆಯೋ ತಾತನೋ ಕೊಂಡ ಅಂತಹ ಗಾಡಿ ಇಂದಿಗೂ ಎಷ್ಟೋ ಮನೆಗಳ ಷೆಡ್ಡಿನಲ್ಲಿ ಧೂಳು ಹೊದ್ದು ನಿಂತಿರುವುದುಂಟು. ಒಂದು ದಿನ ಮೊಮ್ಮಗನಿಗೆ ಅದರ ನೆನಪಾಗುತ್ತದೆ. ಬೀಗದಕೈ ತಿರುವಿದರೆ ಗಾಡಿ ಮಾತನಾಡುವುದಿಲ್ಲ. ಅಷ್ಟರಲ್ಲಿ ಗುಜರಿಯವನು ಬಾಗಿಲಿಗೆ ಬಂದು ತೂಕದ ಲೆಕ್ಕ ಹೇಳುತ್ತಾನೆ. 'ಇಂಜಿನು ಸತ್ತಿದೆ' ಎಂಬ ಒಂದೇ ಮಾತಿನ ಮೇಲೆ ಮನೆತನದ ಆಸ್ತಿಯೊಂದು ಕಬ್ಬಿಣದ ಬೆಲೆಗೆ ಹೋಗಿಬಿಡುತ್ತದೆ. ಆ ಮಾತು ನಿಜವೋ ಸುಳ್ಳೋ ಎಂದು ಪರೀಕ್ಷಿಸಿ ನೋಡುವುದು ಅಷ್ಟೇನೂ ಕಷ್ಟವಲ್ಲ.

ಜರ್ಮನಿಯ ನಿಕೋಲಸ್ ಓಟೊ 1876ರಲ್ಲಿ ನಾಲ್ಕು ಹೊಡೆತದ ಇಂಜಿನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ. ಅಂದಿನಿಂದ ಇಂದಿನವರೆಗೆ ಪೆಟ್ರೋಲ್ ಇಂಜಿನು ಬೇಡುವುದು ಮೂರನ್ನೇ: ಗಾಳಿಯೊಡನೆ ಹದವಾಗಿ ಬೆರೆತ ಇಂಧನ, ಅದನ್ನು ಅದುಮುವ ಒತ್ತಡ, ತಕ್ಕ ಕ್ಷಣಕ್ಕೆ ಹಾರುವ ಕಿಡಿ. ಗಾಡಿ ಹೊರಡದಿದ್ದರೆ ಈ ಮೂರರಲ್ಲಿ ಯಾವುದೋ ಒಂದು ತಪ್ಪಿದೆಯೆಂದೇ ಅರ್ಥ. ಯಾವುದೆಂದು ಕಂಡುಹಿಡಿಯುವ ಮೊದಲೇ ಎಲ್ಲವನ್ನೂ ಬಿಚ್ಚಿ ಹರಡುವವನು ವೈದ್ಯನಲ್ಲ, ಕಟುಕ.

ವೈದ್ಯನು ಮೊದಲು ರೋಗಿಯ ಪೂರ್ವಕಥೆಯನ್ನು ಕೇಳುತ್ತಾನೆ. ಇಲ್ಲಿಯೂ ಹಾಗೆಯೇ. ನಿಲ್ಲಿಸಿದ ದಿನ ಗಾಡಿ ಚೆನ್ನಾಗಿ ಓಡುತ್ತಿತ್ತೆ? ಓಡುತ್ತಿದ್ದರೆ, ಅನಂತರ ಯಾರೂ ಮುಟ್ಟದಿದ್ದರೆ, ಕಿಡಿಯ ಕಾಲವಾಗಲಿ ಕಾರ್ಬುರೇಟರಿನ ತಿರುಪುಗಳಾಗಲಿ ತಾವಾಗಿ ಬದಲಾಗಿರಲಾರವು. ಅವನ್ನು ತಿರುಗಿಸಹೊರಟರೆ ಇದ್ದ ಒಂದು ದೋಷ ಎರಡಾಗುತ್ತದೆ. ಕಾಲವು ಕೆಡಿಸುವ ವಸ್ತುಗಳೇ ಬೇರೆ: ಬ್ಯಾಟರಿ, ಪೆಟ್ರೋಲು, ರಬ್ಬರು ಮತ್ತು ಲೋಹಗಳು ಕೂಡುವ ಜಾಗಗಳು. ಇವುಗಳೊಡನೆ ಇಲಿಯ ಹಲ್ಲನ್ನೂ ಸೇರಿಸಿಕೊಳ್ಳಬೇಕು. ತಂತಿ ಕಡಿದಿದೆಯೆ, ಏರ್ ಕ್ಲೀನರಿನಲ್ಲಿ ಗೂಡು ಕಟ್ಟಿದೆಯೆ ಎಂದು ಮೊದಲೇ ನೋಡುವುದು ಲೇಸು.

ಎರಡನೆಯ ನಿಯಮ, ಬೀಗದಕೈಗೆ ಆತುರಪಡದಿರುವುದು. ವರ್ಷಗಟ್ಟಲೆ ನಿಂತ ಸಿಲಿಂಡರಿನ ಗೋಡೆಯ ಎಣ್ಣೆ ಇಳಿದುಹೋಗಿ, ಪಿಸ್ಟನ್ನಿನ ಬಳೆಗಳು ತುಕ್ಕಿನಿಂದ ಅಂಟಿಕೊಂಡಿರಬಹುದು. ಒಮ್ಮೆಲೇ ಸ್ಟಾರ್ಟರಿನಿಂದ ಜಗ್ಗಿದರೆ ಬಳೆ ಮುರಿಯಬಹುದು, ಗೋಡೆ ಗೀರಬಹುದು. ಆದ್ದರಿಂದ ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ, ಪ್ರತಿಯೊಂದು ರಂಧ್ರಕ್ಕೂ ಒಂದೆರಡು ಚಮಚ ಇಂಜಿನ್ ಆಯಿಲ್ ಬಿಟ್ಟು, ಒಂದು ರಾತ್ರಿ ನೆನೆಯಲು ಬಿಡಬೇಕು. ಮರುದಿನ ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು, ಸ್ವಿಚ್ಚು ಆರಿಸಿ, ಹ್ಯಾಂಡಲಿನಿಂದ ಮೆಲ್ಲಗೆ ತಿರುಗಿಸಬೇಕು. ಸರಾಗವಾಗಿ ತಿರುಗಿತೆಂದರೆ ಅರ್ಧ ಭಯ ಕಳೆಯಿತು. ಹತ್ತಾರು ಸುತ್ತು ತಿರುಗಿಸಿದರೆ ಮಿಕ್ಕ ಎಣ್ಣೆ ಹೊರಚಿಮ್ಮುತ್ತದೆ. ತಳದ ಹಳೆಯ ಆಯಿಲನ್ನೂ ಆಗಲೇ ಬದಲಿಸಬೇಕು.

ಹಳೆಯ ಪೆಟ್ರೋಲಿನ ಮೇಲೆ ಮಮತೆ ಕೂಡದು. ಅದರ ಹಗುರವಾದ ಅಂಶವು ಆರಿಹೋಗಿ, ಉಳಿದುದು ಅಂಟಾಗಿ, ಹುಳಿತ ಬಣ್ಣದೆಣ್ಣೆಯಂತೆ ನಾರುತ್ತದೆ. ಈಚಿನ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡಾ 20ರವರೆಗೆ ಏರಿದೆ. ಎಥನಾಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಹೆಚ್ಚಾದರೆ ಪೆಟ್ರೋಲಿನಿಂದ ಬೇರ್ಪಟ್ಟು ನೀರಿನೊಡನೆ ತಳಕ್ಕಿಳಿಯುತ್ತದೆ. ಹಳೆಯ ರಬ್ಬರಿಗೂ ಅದು ಒಗ್ಗದು. ಟ್ಯಾಂಕನ್ನು ಬರಿದುಮಾಡಿ ಹೊಸ ಪೆಟ್ರೋಲು ತುಂಬುವುದೇ ಮೇಲು.

ಇನ್ನು ಬ್ಯಾಟರಿ. 12 ವೋಲ್ಟಿನದೆಂದು ಕರೆಯುವ ಬ್ಯಾಟರಿ ಪೂರ್ತಿ ತುಂಬಿದಾಗ ಸುಮಾರು 12.6 ವೋಲ್ಟು ತೋರಿಸಬೇಕು. ಮೀಟರಿಲ್ಲದವರಿಗೆ ಗಾಡಿಯ ದೀಪಗಳೇ ಸಾಕ್ಷಿ. ದೀಪ ಹೊತ್ತಿಸಿ ಬೀಗದಕೈ ತಿರುವಿದಾಗ ಬೆಳಕು ತೀರ ಕುಗ್ಗಿದರೆ ಬ್ಯಾಟರಿ ಬಡವಾಗಿದೆ, ಇಲ್ಲವೆ ಅದರ ತುದಿಗಳಿಗೆ ಕಿಲುಬು ಹಿಡಿದಿದೆ. ಬೆಳಕು ಕುಗ್ಗದೆ, ಸದ್ದೂ ಆಗದಿದ್ದರೆ ವಿದ್ಯುತ್ತು ಸ್ಟಾರ್ಟರನ್ನು ಮುಟ್ಟುತ್ತಿಲ್ಲ. ತಂತಿಯನ್ನೂ ಸ್ವಿಚ್ಚನ್ನೂ ಶೋಧಿಸಬೇಕು.

ಇಂಜಿನು ಚುರುಕಾಗಿ ತಿರುಗಿಯೂ ಹತ್ತದಿದ್ದರೆ ಪ್ಲಗ್ಗನ್ನೇ ಕೇಳಬೇಕು. ಒಂದು ಬಾರಿಗೆ ಹತ್ತು ಸೆಕೆಂಡಿಗೆ ಮೀರದಂತೆ, ನಡುನಡುವೆ ಬಿಡುವು ಕೊಟ್ಟು ನಾಲ್ಕಾರು ಸಲ ತಿರುಗಿಸಿ, ಪ್ಲಗ್ಗು ಬಿಚ್ಚಿ ನೋಡಬೇಕು. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಇಂಧನ ಬರುತ್ತಿದೆ, ಕಿಡಿಯ ಮೇಲೆ ಸಂದೇಹ. ಒಣಗಿದ್ದರೆ ಇಂಧನವೇ ಬರುತ್ತಿಲ್ಲ. ಈ ಒಂದು ಪರೀಕ್ಷೆ ಅರ್ಧ ದಿನದ ಶ್ರಮವನ್ನು ಉಳಿಸುತ್ತದೆ.

ಕಿಡಿ ಇಲ್ಲದಿದ್ದರೆ ಅಪರಾಧಿ ಬಹುಮಟ್ಟಿಗೆ ಡಿಸ್ಟ್ರಿಬ್ಯೂಟರಿನ ಒಳಗಿನ ಪಾಯಿಂಟು. ನಿಂತಲ್ಲೇ ಅದರ ಮುಖಕ್ಕೆ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ನಯವಾದ ಉಪ್ಪುಕಾಗದದಿಂದ ಉಜ್ಜಿ, ಒರೆಸಿ, ಸುಮಾರು 0.4 ಮಿಲಿಮೀಟರು ಬಿಡುವಿಟ್ಟರೆ ಎಷ್ಟೋ ಗಾಡಿಗಳು ಕೂಡಲೇ ಜೀವ ತಳೆಯುತ್ತವೆ. ಇಂಧನ ಬಾರದಿದ್ದರೆ ಪಂಪಿನೊಳಗಿನ ಪೊರೆ ಗಡುಸಾಗಿರಬಹುದು, ಕಾರ್ಬುರೇಟರಿನ ಸೂಜಿ ಅಂಟಿಕೊಂಡಿರಬಹುದು, ಜೆಟ್ಟಿನ ಕಿರುರಂಧ್ರ ಕಟ್ಟಿರಬಹುದು. ಸಹನೆ ಕೆಟ್ಟು ಕಾರ್ಬುರೇಟರಿನ ಬಾಯಿಗೆ ಪೆಟ್ರೋಲು ಸುರಿಯುವ ಚಾಳಿ ಅಪಾಯಕರ. ಇಂಜಿನು ಹಿಂದಕ್ಕೆ ಕೆಮ್ಮಿದರೆ ಬೆಂಕಿ ಮುಖಕ್ಕೇ ಹಾರುತ್ತದೆ. ತೆರೆದ ಪೆಟ್ರೋಲಿನ ಬಳಿ ಕಿಡಿಯನ್ನು ಪರೀಕ್ಷಿಸುವುದೂ ಕೂಡದು.

ಕಿಡಿಯೂ ಇಂಧನವೂ ಸರಿಯಿದ್ದು ಇಂಜಿನು ಏಳದಿದ್ದರೆ ಮಾತ್ರ ಒತ್ತಡವನ್ನು ಅಳೆಯಬೇಕು. ಯಾವ ಸಿಲಿಂಡರು ದುರ್ಬಲವೋ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ದೋಷ ಬಳೆಗಳದು. ಏರದಿದ್ದರೆ ವಾಲ್ವಿನದು ಅಥವಾ ಗ್ಯಾಸ್ಕೆಟ್ಟಿನದು. ಇಂಜಿನು ಬಿಚ್ಚುವ ಮಾತು ಬರುವುದು ಇಲ್ಲಿ, ಕಟ್ಟಕಡೆಗೆ.

ಹೊಸ ಕಾಲದ ಕಾರುಗಳಲ್ಲಿ ಪಾಯಿಂಟೂ ಇಲ್ಲ, ಕಾರ್ಬುರೇಟರೂ ಇಲ್ಲ. ಪರೀಕ್ಷೆಯ ಕ್ರಮ ಮಾತ್ರ ಅದೇ. ಆದರೆ ಅಲ್ಲಿನ ಕಿಡಿ ಬಲು ಪ್ರಬಲವಾದುದರಿಂದ ಅದನ್ನು ಬಲ್ಲವರಿಗೇ ಬಿಡಬೇಕು.

ಇಂಜಿನು ಗುಡುಗಿದ ಸಂಭ್ರಮದಲ್ಲಿ ಷೆಡ್ಡಿನ ಬಾಗಿಲು ತೆರೆಯಲು ಮರೆಯಬಾರದು; ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣವನ್ನೇ ಕೊಂಡೊಯ್ಯುತ್ತದೆ. ಆಯಿಲಿನ ದೀಪ ಆರದಿದ್ದರೆ ಇಂಜಿನನ್ನು ತಕ್ಷಣವೇ ನಿಲ್ಲಿಸಬೇಕು. ಬ್ರೇಕು, ಟೈರುಗಳನ್ನು ಪರೀಕ್ಷಿಸದೆ, 15 ವರ್ಷ ದಾಟಿದ ನೋಂದಣಿಯನ್ನು ನವೀಕರಿಸದೆ ರಸ್ತೆಗೆ ಇಳಿಸುವಂತಿಲ್ಲ.

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದ್ದು ಮೋಟಾರಿಗೂ ಸಲ್ಲುತ್ತದೆ. ಗುಜರಿಯವನು ನಾಳೆಯೂ ಬಂದಾನು. ಅವನಿಗೆ ಒಪ್ಪಿಸಿದ ಗಾಡಿ ಮಾತ್ರ ಹಿಂದಿರುಗದು.