ಆನೆಗೊಂದಿಯ ಹೋಂಸ್ಟೇ ಪರವಾನಗಿ ಊರಿನ ಹೆಂಗಸರ ಕೈಗೆ ಬರಲಿ

ಹಂಪಿ–ಆನೆಗೊಂದಿ ಸೀಮೆಯಲ್ಲಿ ಪ್ರವಾಸೋದ್ಯಮವನ್ನು ನಿಭಾಯಿಸಲು ನಮ್ಮ ಆಡಳಿತ ಎರಡೇ ದಾರಿ ಕಂಡುಕೊಂಡಂತಿದೆ: ಬೆಳೆಯುವಾಗ ಕಣ್ಣು ಮುಚ್ಚಿ ಕೂರುವುದು, ಬೆಳೆದ ಮೇಲೆ ಜೆಸಿಬಿ ತರುವುದು. 2011ರ ಜುಲೈನಲ್ಲಿ ವಿರೂಪಾಕ್ಷ ದೇವಾಲಯದ ಎದುರಿನ ಬಜಾರದಲ್ಲಿ ಸಂಸಾರ, ಅಂಗಡಿ ಹೂಡಿದ್ದವರನ್ನು ಎಬ್ಬಿಸಲಾಯಿತು. 2020ರ ಫೆಬ್ರುವರಿಯಲ್ಲಿ ವಿರುಪಾಪುರಗಡ್ಡಿಯ ರೆಸಾರ್ಟುಗಳ ತೆರವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಮಾರ್ಚ್‌ನಲ್ಲಿ ಅವು ನೆಲಸಮವಾದವು. ಆದರೆ ಪ್ರವಾಸಿ ಬರುವುದನ್ನು ಬಿಡಲಿಲ್ಲ. ಗಡ್ಡಿಯಲ್ಲಿ ಸಿಗದ ಕೋಣೆ ಸಾಣಾಪುರದಲ್ಲಿ, ಹನುಮನಹಳ್ಳಿಯಲ್ಲಿ ಸಿಕ್ಕಿತು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ಪ್ರವಾಸಿಗರ ಮೇಲೆ, ಅವರ ಜೊತೆಗಿದ್ದ ಹೋಂಸ್ಟೇ ನಡೆಸುವ ಮಹಿಳೆಯ ಮೇಲೆ ಘೋರ ದಾಳಿ ನಡೆಯಿತು. ಒಡಿಶಾದ ಯುವಕನೊಬ್ಬ ಪ್ರಾಣ ಕಳೆದುಕೊಂಡ. ಆಮೇಲೆ ಎದ್ದ ಕೂಗು ಹಳೆಯದೇ: ಎಲ್ಲವನ್ನೂ ಮುಚ್ಚಿಸಿ. ಈ ಕೂಗಿಗೆ ಸರ್ಕಾರ ಮಣಿಯಬಾರದು. ಇದ್ದದ್ದನ್ನು ಇದ್ದ ಹಾಗೇ ಬಿಡಲೂಬಾರದು. ಆ ಹಳ್ಳಿಗಳಲ್ಲಿ ಅತಿಥಿಗಳಿಗೆ ಮನೆ ತೆರೆಯುವ ಹಕ್ಕು ಅಲ್ಲೇ ವಾಸಿಸುವ ಕುಟುಂಬಗಳಿಗೆ ಮಾತ್ರ ಸಿಗಬೇಕು, ಪರವಾನಗಿ ಮನೆಯ ಹೆಣ್ಣುಮಗಳ ಹೆಸರಿನಲ್ಲಿರಬೇಕು, ಅದನ್ನು ಕೊಡುವ ಮುನ್ನ ಗ್ರಾಮಸಭೆಯ ಒಪ್ಪಿಗೆ ಬೇಕು.

ಹೀಗೆ ಹೇಳಲು ಕಾರಣವಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಮಾರ್ಗಸೂಚಿಯ ಪ್ರಕಾರ ಹೋಂಸ್ಟೇಯಲ್ಲಿ ಹೆಚ್ಚೆಂದರೆ 6 ಕೋಣೆ, 12 ಹಾಸಿಗೆ ಇರಬಹುದು. ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸಿಸಬೇಕು. ಈ ನಿಯಮವೊಂದನ್ನೇ ಗಟ್ಟಿಯಾಗಿ ಹಿಡಿದರೂ, ಊರಿನವರಿಂದ ಜಮೀನು ಲೀಸಿಗೆ ಪಡೆದು ಗದ್ದೆಯಂಚಿನಲ್ಲಿ ಸಾಲು ಗುಡಿಸಲು ಎಬ್ಬಿಸಿ ಹೋಂಸ್ಟೇ ಎಂದು ಬೋರ್ಡು ಹಾಕುವ ದಂಧೆಗೆ ಜಾಗವಿರುವುದಿಲ್ಲ. ಈಗ ನಡೆಯುತ್ತಿರುವುದು ಇದಕ್ಕೆ ತಿರುಗುಮುರುಗು. ಬಂಡವಾಳ ಇದ್ದವನು ವಕೀಲರನ್ನು ಹಿಡಿದು ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಕಾದಾಡುತ್ತಾನೆ. ಎರಡು ಕೋಣೆ ಬಿಟ್ಟುಕೊಟ್ಟು ರೊಟ್ಟಿ, ಪಲ್ಯ ಮಾಡಿ ಹಾಕುವ ಹೆಂಗಸಿಗೆ ಅರ್ಜಿ ಹಾಕುವುದೇ ದುಸ್ತರ. ಮನೆಯ ಖಾತೆ, ಹೊಲದ ಪಹಣಿ ಬಹುಪಾಲು ಗಂಡಸರ ಹೆಸರಿನಲ್ಲಿರುತ್ತವೆ; ಪಂಚಾಯಿತಿ, ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ, ಪೊಲೀಸ್ ಠಾಣೆ ಎಂದು ಅವಳು ಎಲ್ಲಿಗೆಲ್ಲ ಅಲೆಯಬೇಕು? ಬೀಗ ಬಿದ್ದಾಗ ಬಂಡವಾಳ ಬೇರೆ ಊರಿಗೆ ಹೋಗುತ್ತದೆ. ಅವಳು ಹೋಗುವುದಾದರೂ ಎಲ್ಲಿಗೆ, ಭತ್ತದ ನಾಟಿಯ ಕೂಲಿಗೆ. ಆನೆಗೊಂದಿಯ ಹೆಂಗಸರಿಗೆ ಬಾಳೆನಾರು ಹೆಣೆದು ಚೀಲ, ಬುಟ್ಟಿ ಮಾಡಿ ಮಾರುವ ಕೈಕಸುಬು ತಿಳಿದಿದೆ. 1997ರಲ್ಲಿ ಶುರುವಾದ ಕಿಷ್ಕಿಂದಾ ಟ್ರಸ್ಟ್ ಅದನ್ನು ಅಲ್ಲಿ ಬೇರೂರಿಸಿತು, ಹಳೆಯ ಮನೆಗಳನ್ನು ಕೆಡವದೆ ಅತಿಥಿಗಳಿಗೆ ಸಜ್ಜುಗೊಳಿಸಬಹುದೆಂದೂ ತೋರಿಸಿತು. ಕೌಶಲಕ್ಕೆ ಅಲ್ಲಿ ಬರವಿಲ್ಲ, ಹಕ್ಕುಪತ್ರಕ್ಕೆ ಬರ.

ಊರಿಗೆ ಹಿಡಿತ ಕೊಟ್ಟ ಕಡೆಗಳಲ್ಲಿ ಏನಾಗಿದೆ ಎಂಬುದಕ್ಕೆ ದೂರದ ದೇಶಗಳನ್ನು ನೋಡಬೇಕಿಲ್ಲ. ಕೇರಳದ ಪೆರಿಯಾರ್ ಅರಣ್ಯದಲ್ಲಿ ಕದ್ದು ಮರದ ತೊಗಟೆ ಸುಲಿಯುತ್ತಿದ್ದವರು 1990ರ ದಶಕದ ಕೊನೆಗೆ ಪ್ರವಾಸಿಗರಿಗೆ ದಾರಿ ತೋರಿಸುವ ಮಾರ್ಗದರ್ಶಿಗಳಾದರು. ಅದೇ ಕಾಡನ್ನು ಕಾಯಲು ವಸಂತಸೇನೆ ಎಂಬ ಹೆಂಗಸರ ಪಡೆ ಸರದಿಯ ಮೇಲೆ ಗಸ್ತು ತಿರುಗುತ್ತದೆ. ಕುಮರಕಂನಲ್ಲಿ 2008ರಿಂದ ಪಂಚಾಯಿತಿಯ ಮುಂದಾಳತ್ವದಲ್ಲಿ ಕುಟುಂಬಶ್ರೀ ಸ್ವಸಹಾಯ ಗುಂಪುಗಳ ಹೆಂಗಸರು ತರಕಾರಿ ಬೆಳೆದು ದೊಡ್ಡ ಹೋಟೆಲುಗಳಿಗೆ ಕೊಡತೊಡಗಿದರು. ಹೋಟೆಲಿನವರು ತಾವಾಗಿಯೇ ಬಂದು ಕೊಂಡರೆಂದು ಭಾವಿಸಬೇಕಿಲ್ಲ. ಸ್ಥಳೀಯ ಸಂಸ್ಥೆ ನಡುವೆ ನಿಂತು ಒಪ್ಪಂದ ಕುದುರಿಸಿತು. ಉತ್ತರಾಖಂಡದ ಮುನ್‌ಸ್ಯಾರಿ ಬಳಿಯ ಸರ್ಮೋಲಿಯಲ್ಲಿ ಹೋಂಸ್ಟೇ ನಡೆಸುವ ಹೆಂಗಸರೇ ವನ ಪಂಚಾಯಿತಿಯ ಕೆಲಸದಲ್ಲೂ ಭಾಗಿಗಳು. 2023ರಲ್ಲಿ ಕೇಂದ್ರ ಸರ್ಕಾರ ಅದನ್ನು ದೇಶದ ಅತ್ಯುತ್ತಮ ಪ್ರವಾಸಿ ಗ್ರಾಮವೆಂದು ಗುರುತಿಸಿತು. ಮುಂದಿನ ವರ್ಷ ಸಾಹಸ ಪ್ರವಾಸದ ವಿಭಾಗದಲ್ಲಿ ಅಂಥದ್ದೇ ಮನ್ನಣೆ ನಮ್ಮ ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿಗೆ ಬಂತು. ಪ್ರಶಸ್ತಿಗೆ ಹಿಗ್ಗುವ ಸರ್ಕಾರ ಅದರ ಹಿಂದಿನ ಏರ್ಪಾಡನ್ನು ಆನೆಗೊಂದಿ ಇರುವ ಗಂಗಾವತಿ ತಾಲ್ಲೂಕಿಗೆ ತರಲು ಯಾಕೆ ಹಿಂಜರಿಯಬೇಕು?

ಪರಂಪರೆಯ ರಕ್ಷಣೆ ಏನಾಗಬೇಕು ಎಂದು ಕೇಳುವವರ ಆತಂಕ ಸುಳ್ಳಲ್ಲ. 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಹಂಪಿ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು, 2006ರಲ್ಲಷ್ಟೇ ಅದರಿಂದ ಹೊರಬಂತು. ಆದರೆ ಆ ಕಳಂಕ ಬಡವರ ಜಗುಲಿಯಿಂದ ಬಂದದ್ದಲ್ಲ, ಹೊಳೆಗೆ ಅಡ್ಡಲಾಗಿ ಸರ್ಕಾರವೇ ಕಟ್ಟಲು ಹೊರಟ ಸೇತುವೆಗಳಿಂದ. ಇದನ್ನು ಎತ್ತಿ ಹೇಳಲೇಬೇಕು, ಯಾಕೆಂದರೆ ಒತ್ತುವರಿ ಎಂದ ಕೂಡಲೇ ನಮ್ಮ ಬೆರಳು ಹಳ್ಳಿಯವರ ಕಡೆಗೇ ಹೋಗುತ್ತದೆ. ಇರುವ ಮನೆಯಲ್ಲಿ, ಇರುವ ಗೋಡೆಗಳ ಒಳಗೆ ಎರಡು ಕೋಣೆ ಬಿಟ್ಟುಕೊಡುವುದರಿಂದ ಸ್ಮಾರಕಕ್ಕೆ ಧಕ್ಕೆಯಿಲ್ಲ. ಹೊಸ ಕಟ್ಟಡಕ್ಕೆ ಅನುಮತಿ ಬೇಡವೇ ಬೇಡ. ಇನ್ನು ಸುರಕ್ಷತೆಯ ಮಾತು. ನೋಂದಣಿ ಇಲ್ಲದೆ, ಯಾರು ಬಂದರು ಯಾರು ಹೋದರು ಎಂದು ಠಾಣೆಗೆ ತಿಳಿಯದೆ ನಡೆಯುವ ವ್ಯವಹಾರವೇ ಅತಿಥಿಗೂ ಅಪಾಯ, ಮನೆಯೊಡತಿಗೂ ಅಪಾಯ. ಮುಚ್ಚಿಸಿದರೆ ಅದು ಇನ್ನಷ್ಟು ಕತ್ತಲಿಗೆ ಜಾರುತ್ತದೆ. ಸಾಣಾಪುರದ ಕೆರೆ, ಕಾಲುವೆಯ ಹಾದಿಗೆ ಬೇಕಿರುವುದು ದೀಪ, ಗಸ್ತು, ಊರಿನ ಹುಡುಗರಿಗೆ ತರಬೇತಿ ಮತ್ತು ಗುರುತಿನ ಚೀಟಿ.

ನಿಜಕ್ಕೂ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ, ಪ್ರವಾಸೋದ್ಯಮದ ಪರ ಮಾತಾಡುವವರು ಅದನ್ನು ಎದುರಿಸುವುದೇ ಕಡಿಮೆ. ಬಿಡುವಿನ ಕೋಣೆ, ಒಳ್ಳೆಯ ಶೌಚಾಲಯ ಇರುವುದು ಯಾರ ಮನೆಯಲ್ಲಿ? ಕೇರಿಯ ಒಂಟಿ ಕೋಣೆಯ ಮನೆಯವಳಿಗೆ ಹೋಂಸ್ಟೇಯಿಂದ ಬರುವುದೇನು? ಏನೂ ಇಲ್ಲ, ನಾವು ಪರವಾನಗಿ ಹಂಚಿ ಸುಮ್ಮನಾದರೆ. ಲಡಾಖಿನ ಹಳ್ಳಿಗಳಲ್ಲಿ ಅತಿಥಿಗಳನ್ನು ಸರದಿಯ ಮೇಲೆ ಮನೆಗಳಿಗೆ ಕಳಿಸುತ್ತಾರೆ, ಗಳಿಕೆಯ ಒಂದು ಪಾಲನ್ನು ಊರಿನ ನಿಧಿಗೆ ಎತ್ತಿಡುತ್ತಾರೆ. ಆನೆಗೊಂದಿಯಲ್ಲಿ ಹೆಂಗಸರ ಸ್ವಸಹಾಯ ಗುಂಪುಗಳ ಸಂಜೀವಿನಿ ಒಕ್ಕೂಟವೇ ಬುಕಿಂಗ್ ನೋಡಿಕೊಂಡು, ಹರಿಗೋಲು ಹಾಕುವವರು, ಅಡುಗೆಯವರು, ಬಟ್ಟೆ ಒಗೆಯುವವರು, ಮಾರ್ಗದರ್ಶಿಗಳು ಎಲ್ಲರೂ ಅದರ ಪಾಲುದಾರರಾಗಬೇಕು. ಜೊತೆಗೆ, ಕೋಣೆ ಕಟ್ಟಿಕೊಳ್ಳಲು ಇಲ್ಲದವರಿಗೆ ನೆರವು ಮೊದಲು. ಆದಿವಾಸಿ ಹಳ್ಳಿಗಳ ಹೋಂಸ್ಟೇಗೆ ಕೇಂದ್ರವು ಪ್ರತಿ ಘಟಕಕ್ಕೆ 5 ಲಕ್ಷ ರೂಪಾಯಿವರೆಗೆ ಕೊಡುವ ಯೋಜನೆ ಮಾಡಿದೆ, 2025ರ ಬಜೆಟ್ಟಿನಲ್ಲಿ ಹೋಂಸ್ಟೇಗಳಿಗೆ ಮುದ್ರಾ ಸಾಲವನ್ನೂ ಘೋಷಿಸಿದೆ. ಪರಂಪರೆ ವಲಯದ ಹೊಸ ಕಟ್ಟಡಕ್ಕೆ ಇಂಥ ಹಣ ಹೋಗಬಾರದು. ವಲಯದ ಹೊರಗಿನ ಕೇರಿಗಳಿಗೆ, ಒಳಗಿನ ಹಳೆಯ ಮನೆಗಳ ದುರಸ್ತಿಗೆ ಅಂಥದ್ದೇ ಒಂದು ಯೋಜನೆಯನ್ನು ರಾಜ್ಯ ರೂಪಿಸಬಹುದು. ಅಂಜನಾದ್ರಿ ಬೆಟ್ಟದ ಅಭಿವೃದ್ಧಿಗೆ 2022ರಲ್ಲಿ 100 ಕೋಟಿ ಘೋಷಿಸಿದ ರಾಜ್ಯಕ್ಕೆ ಬೆಟ್ಟದ ಬುಡದ ಹೆಂಗಸರಿಗೆ ಅದರ ಸಣ್ಣದೊಂದು ಪಾಲು ಎತ್ತಿಡುವುದು ಭಾರವಲ್ಲ. ಮುಂದಿನ ತೆರವಿನ ನೋಟಿಸು ಹೊರಡುವ ಮುನ್ನ ಪ್ರಾಧಿಕಾರ ಆ ಗ್ರಾಮಸಭೆಗಳನ್ನು ಕರೆಯಲಿ.